‘ನೋಲಿ ಮೇ ತಾಂಗೆರೆ’ ಚಿತ್ರವನ್ನು ಗುರುತಿಸುವುದು ಹೇಗೆ, ನೋಡುವುದು ಹೇಗೆ

ಯುರೋಪಿನ ಚಿತ್ರಶಾಲೆಗಳಲ್ಲಿ ಓಡಾಡುವಾಗ, ಅಥವಾ ಮನೆಯಲ್ಲೇ ಕೂತು ಅವುಗಳ ಜಾಲತಾಣ ನೋಡುವಾಗ, ಚಿತ್ರದ ಕೆಳಗೆ ‘ನೋಲಿ ಮೇ ತಾಂಗೆರೆ’ ಎಂಬ ಲ್ಯಾಟಿನ್ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಜೊತ್ತೊ, ಫ್ರಾ ಆಂಜೆಲಿಕೊ, ಡ್ಯೂರರ್, ಟಿಶಿಯನ್, ಕೊರೆಜ್ಜೊ, ಹೋಲ್ಬೈನ್ ಎಲ್ಲರೂ ಇದನ್ನು ಬರೆದಿದ್ದಾರೆ. ಒಬ್ಬ ಗಂಡಸು ನಿಂತಿರುತ್ತಾನೆ, ಒಬ್ಬ ಹೆಂಗಸು ಮಂಡಿಯೂರಿ ಕೈ ಚಾಚಿರುತ್ತಾಳೆ, ಸುತ್ತ ಒಂದು ತೋಟ. ಹೆಸರಿನ ಅರ್ಥ ‘ನನ್ನನ್ನು ಮುಟ್ಟಬೇಡ’ ಎಂದು ತಿಳಿದ ಕೂಡಲೇ ನೋಡುಗರಲ್ಲಿ ಹೆಚ್ಚಿನವರು, ಓಹೋ, ಬೇಡವೆಂದು ದೂರ ತಳ್ಳುತ್ತಿದ್ದಾನೆ ಎಂದುಕೊಂಡು ಮುಂದಕ್ಕೆ ಹೋಗಿಬಿಡುತ್ತಾರೆ. ಹಾಗೆ ಹೋದರೆ ಪಾಶ್ಚಾತ್ಯ ಕಲೆಯ ಅತ್ಯಂತ ಆರ್ದ್ರವಾದ ದೃಶ್ಯಗಳಲ್ಲಿ ಒಂದು ಕೈತಪ್ಪಿಹೋಗುತ್ತದೆ. ಈ ಚಿತ್ರದ ಮುಂದೆ ನಿಂತಾಗ ಯಾವುದನ್ನು ಮೊದಲು ನೋಡಬೇಕು, ಆಮೇಲೆ ಯಾವುದನ್ನು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲು ಕಥೆಯನ್ನು ಓದಿ

ಬೈಬಲಿನಲ್ಲಿ ಯೊವಾನ್ನನ ಶುಭಸಂದೇಶದ 20ನೇ ಅಧ್ಯಾಯ ತೆಗೆಯಿರಿ. ಪ್ರೊಟೆಸ್ಟೆಂಟ್ ಬೈಬಲಾದರೆ ಯೋಹಾನನ ಸುವಾರ್ತೆ ಎಂದಿರುತ್ತದೆ. 1ರಿಂದ 18ನೇ ವಚನದವರೆಗೆ ಓದಿದರೆ ಸಾಕು, ಐದು ನಿಮಿಷದ ಕೆಲಸ.

ಯೇಸು ಶಿಲುಬೆಯ ಮೇಲೆ ತೀರಿಕೊಂಡ ಮೂರನೆಯ ದಿನ, ಇನ್ನೂ ಕತ್ತಲಿರುವಾಗಲೇ ಮಗ್ದಲದ ಮರಿಯ ಸಮಾಧಿಯ ಬಳಿಗೆ ಬರುತ್ತಾಳೆ. ಬಾಗಿಲಿನ ಕಲ್ಲು ಸರಿದಿದೆ. ಓಡಿಹೋಗಿ ಪೇತ್ರನನ್ನೂ ಇನ್ನೊಬ್ಬ ಶಿಷ್ಯನನ್ನೂ ಕರೆತರುತ್ತಾಳೆ. ಅವರು ಬಂದು ಒಳಗೆ ನೋಡಿ ಮನೆಗೆ ಮರಳುತ್ತಾರೆ. ಆಕೆ ಮಾತ್ರ ಹೋಗುವುದಿಲ್ಲ, ಅಳುತ್ತಾ ಅಲ್ಲೇ ನಿಲ್ಲುತ್ತಾಳೆ. ಬಗ್ಗಿ ಒಳಗೆ ನೋಡಿದರೆ ಬಿಳಿ ಉಡುಪಿನ ಇಬ್ಬರು ದೇವದೂತರು. ತಿರುಗಿದರೆ ಹಿಂದೆ ಯಾರೋ ನಿಂತಿದ್ದಾರೆ. ತೋಟದ ಮಾಲಿ ಎಂದುಕೊಂಡು, ‘ಅಯ್ಯಾ, ಅವರ ದೇಹವನ್ನು ನೀನೇ ಸಾಗಿಸಿದ್ದರೆ ಎಲ್ಲಿಟ್ಟೆ ಹೇಳು, ನಾನು ತೆಗೆದುಕೊಂಡು ಹೋಗುತ್ತೇನೆ’ ಎಂದು ಬೇಡುತ್ತಾಳೆ. ಆಗ ಆ ವ್ಯಕ್ತಿ ಒಂದೇ ಮಾತು ಹೇಳುತ್ತಾರೆ: ‘ಮರಿಯ.’ ಹೆಸರು ಹಿಡಿದು ಕರೆದ ದನಿಯಿಂದ ಆಕೆಗೆ ಗುರುತು ಸಿಗುತ್ತದೆ. ‘ರಬ್ಬೂನಿ’, ಅಂದರೆ ಗುರುವೇ, ಎನ್ನುತ್ತಾಳೆ.

ಇದಾದ ಮೇಲೆ, 17ನೇ ವಚನದಲ್ಲಿ, ಆ ಪ್ರಸಿದ್ಧ ಮಾತು ಬರುತ್ತದೆ. ಅದು ಪೂರ್ತಿ ವಾಕ್ಯವಲ್ಲ, ವಾಕ್ಯದ ಮೊದಲ ತುಂಡು. ಯೇಸು ಮುಂದುವರಿದು, ನಾನಿನ್ನೂ ತಂದೆಯ ಬಳಿಗೆ ಏರಿಹೋಗಿಲ್ಲ, ನೀನು ನನ್ನ ಸಹೋದರರ ಬಳಿಗೆ ಹೋಗಿ ಈ ಸುದ್ದಿ ತಿಳಿಸು ಎನ್ನುತ್ತಾರೆ. ಚಿತ್ರಶಾಲೆಯ ಹೆಸರುಪಟ್ಟಿ ಮೊದಲ ತುಂಡನ್ನಷ್ಟೇ ಹಿಡಿದುಕೊಂಡಿದೆ. ನಿಜವಾಗಿ ಇದು ಒಬ್ಬ ಹೆಂಗಸಿಗೆ ಜಗತ್ತಿನ ಅತಿ ದೊಡ್ಡ ಸುದ್ದಿಯನ್ನು ಮೊದಲು ಒಪ್ಪಿಸಿ ಕಳಿಸಿಕೊಡುವ ದೃಶ್ಯ. ಪ್ರೇಷಿತರೆಂದರೆ ಸಂದೇಶ ಸಾರಲು ಯೇಸು ಕಳಿಸಿದ ಶಿಷ್ಯರು. ಮಧ್ಯಯುಗದ ಚರ್ಚು ಮರಿಯಳನ್ನು ‘ಪ್ರೇಷಿತರಿಗೇ ಪ್ರೇಷಿತಳು’ ಎಂದು ಕರೆದದ್ದು ಇದಕ್ಕಾಗಿಯೇ. 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ ಜುಲೈ 22ರ ಆಕೆಯ ಸ್ಮರಣೆಯನ್ನು ಪ್ರೇಷಿತರ ಹಬ್ಬಗಳ ಸಾಲಿಗೆ ಏರಿಸಿದರು.

ಮಾತಿನ ತೂಕ ತಿಳಿದುಕೊಳ್ಳಿ

ಲ್ಯಾಟಿನ್ ಮಾತು ಬಂದದ್ದು ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಜೆರೋಮ್ ಸಿದ್ಧಪಡಿಸಿದ ವಲ್ಗೇಟ್ ಬೈಬಲಿನಿಂದ. ಹಳೆಯ ಲ್ಯಾಟಿನ್ ಉಚ್ಚಾರದಲ್ಲಿ ಕೊನೆಯ ಪದ ‘ತಾಂಗೆರೆ’, ಚರ್ಚಿನ ಲ್ಯಾಟಿನ್‌ನಲ್ಲಿ ‘ತಾಂಜೆರೆ’. ಎರಡೂ ಸರಿ. ಅದಕ್ಕೂ ಹಿಂದಿನ ಮೂಲ ಗ್ರೀಕ್ ಮಾತು ‘ಮೇ ಮೂ ಹಾಪ್ತೂ’. ಅಲ್ಲಿನ ಕ್ರಿಯಾರೂಪಕ್ಕೆ ‘ಹಿಡಿದುಕೊಂಡೇ ಇರಬೇಡ, ಬಿಡು’ ಎಂಬ ಧ್ವನಿಯಿದೆ. ಈಚಿನ ಹಲವು ಇಂಗ್ಲಿಷ್ ಅನುವಾದಗಳು ಇದೇ ಅರ್ಥವನ್ನು ಆರಿಸಿಕೊಂಡಿವೆ.

ನಮ್ಮ ನಾಡಿನಲ್ಲಿ ಓದುವವರಿಗೆ ಇಲ್ಲಿ ಒಂದು ಎಚ್ಚರ ಬೇಕು. ‘ಮುಟ್ಟಬೇಡ’ ಎಂದ ಕೂಡಲೇ ನಮಗೆ ಮಡಿ-ಮೈಲಿಗೆ ನೆನಪಾಗುತ್ತದೆ, ಮುಟ್ಟಿಸಿಕೊಳ್ಳದೆ ಇಟ್ಟ ಜನರ ನೋವು ನೆನಪಾಗುತ್ತದೆ. ಈ ಕಥೆಯಲ್ಲಿ ಅದರ ಸೋಂಕೂ ಇಲ್ಲ. ಮತ್ತಾಯನ ಶುಭಸಂದೇಶದ 28ನೇ ಅಧ್ಯಾಯದಲ್ಲಿ ಇದೇ ಬೆಳಿಗ್ಗೆ ಹೆಂಗಸರು ಯೇಸುವಿನ ಪಾದ ಹಿಡಿದು ನಮಸ್ಕರಿಸುತ್ತಾರೆ, ಯಾರೂ ತಡೆಯುವುದಿಲ್ಲ. ಯೊವಾನ್ನನ ಅದೇ 20ನೇ ಅಧ್ಯಾಯದಲ್ಲಿ, ಕೆಲವೇ ವಚನಗಳ ಆಚೆ, ಸಂದೇಹಪಟ್ಟ ತೋಮನಿಗೆ ‘ನಿನ್ನ ಕೈ ಚಾಚಿ ನನ್ನ ಪಕ್ಕೆಯಲ್ಲಿಡು’ ಎನ್ನುತ್ತಾರೆ. ಆದ್ದರಿಂದ ಆಕೆ ಹೆಣ್ಣೆಂದೋ ಪಾಪಿಯೆಂದೋ ದೂರ ಇಟ್ಟರು ಎಂಬ ಓದು ನಿಲ್ಲುವುದಿಲ್ಲ. ಮೊದಲಿದ್ದ ಒಡನಾಟ ಮೊದಲಿನಂತೆಯೇ ಮುಂದುವರಿಯುವುದಿಲ್ಲ, ಇನ್ನು ಸಂಬಂಧ ಬೇರೆ ಬಗೆಯದು ಎಂಬುದೇ ಇಲ್ಲಿನ ಮಾತು. ಅದಕ್ಕೇ ಅದರಲ್ಲಿ ಪ್ರೀತಿಯೂ ಇದೆ, ಅಗಲಿಕೆಯೂ ಇದೆ.

ಇದೇ ಚಿತ್ರವೇ ಎಂದು ಖಚಿತಪಡಿಸಿಕೊಳ್ಳಿ

ಹೆಸರುಪಟ್ಟಿ ಇಲ್ಲದ ಚಿತ್ರವನ್ನೂ ಗುರುತಿಸಬಹುದು. ಮರಿಯಳಿಂದ ಶುರುಮಾಡಿ. ಬಿಚ್ಚಿದ ಉದ್ದ ಕೂದಲು, ಬಹಳ ಸಲ ಕೆಂಪು ಬಟ್ಟೆ, ಕೈಯಲ್ಲೋ ನೆಲದ ಮೇಲೋ ಮುಚ್ಚಳವಿರುವ ಒಂದು ಸಣ್ಣ ಭರಣಿ. ಭರಣಿಯೇ ಗಟ್ಟಿ ಗುರುತು. ಹೆಣಕ್ಕೆ ಸುಗಂಧ ತೈಲ ಹಚ್ಚಲು ಆಕೆ ಸಮಾಧಿಗೆ ಬಂದಳೆಂದು ಮಾರ್ಕನ ಶುಭಸಂದೇಶ ಹೇಳುತ್ತದೆ. ಬಟ್ಟೆಯ ಬಣ್ಣವನ್ನು ಮಾತ್ರ ಪೂರ್ತಿ ನಂಬಬೇಡಿ. ಮ್ಯಾಡ್ರಿಡ್‌ನ ಪ್ರಾದೊ ಸಂಗ್ರಹಾಲಯದಲ್ಲಿರುವ ಕೊರೆಜ್ಜೊನ ಚಿತ್ರದಲ್ಲಿ ಆಕೆ ಉಟ್ಟಿರುವುದು ಹೊನ್ನಿನ ಹಳದಿ ಬಣ್ಣದ ಭಾರಿ ಉಡುಗೆ.

ಬಿಚ್ಚುಗೂದಲಿನ ಬಗ್ಗೆ ಒಂದು ಮಾತು. ಲೂಕನ ಶುಭಸಂದೇಶದಲ್ಲಿ ಹೆಸರಿಲ್ಲದ ಒಬ್ಬ ಪಾಪಿ ಹೆಂಗಸು ಕಣ್ಣೀರಿನಿಂದ ಯೇಸುವಿನ ಪಾದ ತೊಳೆದು ಕೂದಲಿನಿಂದ ಒರೆಸುತ್ತಾಳೆ. 591ರಲ್ಲಿ ಪೋಪ್ ಮಹಾ ಗ್ರೆಗೊರಿ ಒಂದು ಪ್ರವಚನದಲ್ಲಿ ಆಕೆಯನ್ನೂ ಮಗ್ದಲದ ಮರಿಯಳನ್ನೂ ಒಬ್ಬಳೇ ಎಂದರು. ಪಶ್ಚಿಮದ ಕಲಾವಿದರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ಹಿಡಿದರು. ಬೈಬಲಿನಲ್ಲಿ ಎಲ್ಲಿಯೂ ಮಗ್ದಲದ ಮರಿಯ ವೇಶ್ಯೆ ಎಂದಿಲ್ಲ. ಚಿತ್ರ ನೋಡುವಾಗ ಕೂದಲು ಎಲ್ಲಿಂದ ಬಂತೆಂದು ತಿಳಿದಿರಲಿ, ಆ ಅಪವಾದವನ್ನು ಮಾತ್ರ ನಾವು ಮುಂದಕ್ಕೆ ಒಯ್ಯುವುದು ಬೇಡ.

ಈಗ ಯೇಸುವಿನ ಕಡೆ ನೋಡಿ. ಕೈಕಾಲುಗಳಲ್ಲಿ ಮೊಳೆಯ ಗಾಯ, ಮೈಮೇಲೆ ಶವವಸ್ತ್ರ ಅಥವಾ ಬಿಳಿ ಬಟ್ಟೆ. ಕೈಯಲ್ಲಿ ಗುದ್ದಲಿ, ಸನಿಕೆ, ಇಲ್ಲವೇ ವಿಜಯದ ಬಾವುಟ. ಕೆಲವು ಚಿತ್ರಗಳಲ್ಲಿ ತಲೆಗೆ ಅಗಲ ಅಂಚಿನ ಹುಲ್ಲಿನ ಟೋಪಿ. ಡ್ಯೂರರ್ 1511ರಲ್ಲಿ ಪ್ರಕಟಿಸಿದ ಮರದಚ್ಚಿನ ಮಾಲೆಯಲ್ಲಿ ಯೇಸು ಟೋಪಿ ಹಾಕಿ ಸನಿಕೆ ಹೊತ್ತು ಥೇಟ್ ಮಾಲಿಯಂತೆಯೇ ನಿಂತಿದ್ದಾರೆ, ಹಿಂದೆ ಸೂರ್ಯ ಏಳುತ್ತಿದ್ದಾನೆ. ಬೊಲೋನ್ಯದ ಚಿತ್ರಕಾರ್ತಿ ಲವೀನಿಯಾ ಫೊಂಟಾನಾ 1581ರಲ್ಲಿ ಬರೆದ, ಈಗ ಫ್ಲಾರೆನ್ಸ್‌ನ ಉಫಿಜಿ ಚಿತ್ರಶಾಲೆಯಲ್ಲಿರುವ ಚಿತ್ರದಲ್ಲೂ ಟೋಪಿಯಿದೆ.

ಗೊಂದಲವಾಗುವುದು ಎಲ್ಲಿ? ಊಟದ ಮೇಜಿದ್ದು ಹೆಂಗಸು ಪಾದದ ಬಳಿಯಿದ್ದರೆ ಅದು ಲೂಕನ ಕಥೆ. ಹಲವು ಹೆಂಗಸರು ಪಾದ ಹಿಡಿದಿದ್ದರೆ ಮತ್ತಾಯನದು. ಗಾಯದೊಳಗೆ ಬೆರಳಿಡುತ್ತಿರುವ ಗಂಡಸಿದ್ದರೆ ತೋಮ. ತೋಟ, ಭರಣಿ, ಇಬ್ಬರೇ ಮುಖಾಮುಖಿ, ಇಷ್ಟು ಸೇರಿದರೆ ನಿಮ್ಮ ಮುಂದಿರುವುದು ನೋಲಿ ಮೇ ತಾಂಗೆರೆ.

ಯಾವ ಗಳಿಗೆ ಎಂದು ಕೇಳಿಕೊಳ್ಳಿ

ಯೊವಾನ್ನನ ಕಥೆಯಲ್ಲಿ ಎಲ್ಲವೂ ಒಂದರ ಹಿಂದೆ ಒಂದು ಬರುತ್ತದೆ: ಅಳು, ತಿರುಗುವುದು, ಮಾಲಿ ಎಂಬ ಭ್ರಮೆ, ಹೆಸರಿನ ಕರೆ, ಗುರುತು, ಚಾಚಿದ ಕೈ, ತಡೆ, ಸಂದೇಶ. ಚಿತ್ರಕಾರನಿಗೆ ಸಿಗುವುದು ಒಂದು ಗಳಿಗೆ ಮಾತ್ರ. ಅವನು ಯಾವುದನ್ನು ಹಿಡಿದ ಎಂಬುದರ ಮೇಲೆ ಇಡೀ ಚಿತ್ರ ನಿಂತಿರುತ್ತದೆ.

ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿರುವ ರೆಂಬ್ರಾಂಟ್‌ನ 1638ರ ಚಿತ್ರ ಬೇಗನೆ ನಿಲ್ಲುತ್ತದೆ. ಟೋಪಿ, ಸನಿಕೆ, ಸೊಂಟದಲ್ಲಿ ಕತ್ತಿ. ಪಕ್ಕಾ ಮಾಲಿ. ಸಮಾಧಿಯಲ್ಲಿ ದೇವದೂತರು ಕೂತಿದ್ದಾರೆ, ದೂರದಲ್ಲಿ ಜೆರುಸಲೇಮಿನ ಗೋಪುರಗಳ ಮೇಲೆ ಬೆಳಕು ಬೀಳುತ್ತಿದೆ. ಮರಿಯ ಈಗಷ್ಟೇ ಕತ್ತು ತಿರುಗಿಸಿದ್ದಾಳೆ. ‘ಮುಟ್ಟಬೇಡ’ ಎಂಬ ಮಾತು ಇನ್ನೂ ಹುಟ್ಟೇ ಇಲ್ಲ. ಇದೇ ಸಂಗ್ರಹದಲ್ಲಿರುವ, 1520ರ ದಶಕದ ಹೋಲ್ಬೈನ್‌ನ ಚಿತ್ರದಲ್ಲಿ ಆಕೆ ಮಂಡಿಯೂರಿಲ್ಲ, ನಿಂತೇ ಮುನ್ನುಗ್ಗುತ್ತಾಳೆ, ಯೇಸು ಎರಡೂ ಕೈ ಮುಂದೆ ಹಿಡಿದು ಹಿಂದೆ ಸರಿಯುತ್ತಾರೆ. ದೂರದಲ್ಲಿ ಪೇತ್ರನೂ ಅವನ ಜೊತೆಗಾರನೂ ಏನೂ ಗೊತ್ತಿಲ್ಲದೆ ಮಾತಾಡುತ್ತಾ ಹೊರಟುಹೋಗುತ್ತಿದ್ದಾರೆ. ಸ್ವಲ್ಪ ಹೊತ್ತು ತಡೆದಿದ್ದರೆ ಅವರಿಗೂ ಕಾಣುತ್ತಿತ್ತು! ಕೊರೆಜ್ಜೊ ಕೊನೆಯ ಗಳಿಗೆ ಹಿಡಿದಿದ್ದಾನೆ: ಯೇಸುವಿನ ಒಂದು ಕೈ ಆಕಾಶದತ್ತ ಎದ್ದಿದೆ, ಅಂದರೆ ಮಾತು ‘ತಂದೆಯ ಬಳಿಗೆ’ ಎಂಬಲ್ಲಿಗೆ ಬಂದಿದೆ. ಟೋಪಿಯೂ ಗುದ್ದಲಿಯೂ ನೆಲದ ಮೇಲೆ ಬಿದ್ದಿವೆ, ಮಾಲಿಯ ವೇಷದ ಕೆಲಸ ಮುಗಿದಿದೆ.

ಕೈಗಳ ನಡುವಿನ ಜಾಗ ನೋಡಿ

ಇಡೀ ನೋಟದ ಮುಖ್ಯ ಹೆಜ್ಜೆ ಇದು. ಮುಖ ಬಿಟ್ಟು, ಹಿನ್ನೆಲೆ ಬಿಟ್ಟು, ಎರಡು ಜೊತೆ ಕೈಗಳನ್ನು ಮಾತ್ರ ನೋಡಿ. ಅವುಗಳ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ? ಆ ಜಾಗದಲ್ಲಿ ಏನಿದೆ? ಯೇಸುವಿನ ಕೈ ಅಂಗೈ ತೋರಿಸಿ ತಡೆಯುತ್ತಿದೆಯೋ, ಆಶೀರ್ವದಿಸುತ್ತಿದೆಯೋ, ಸುಮ್ಮನೆ ಇಳಿಬಿದ್ದಿದೆಯೋ?

ಇಟಲಿಯ ಪಾದುವಾದ ಸ್ಕ್ರೊವೆನ್ಯಿ ಚಾಪೆಲ್‌ನಲ್ಲಿ ಜೊತ್ತೊ 1305ರ ಹೊತ್ತಿಗೆ ಮುಗಿಸಿದ ಭಿತ್ತಿಚಿತ್ರದಲ್ಲಿ ಮರಿಯ ಕೆಂಪು ಹೊದಿಕೆಯಲ್ಲಿ ಮಂಡಿಯೂರಿ ಎರಡೂ ಕೈ ಚಾಚಿದ್ದಾಳೆ. ಯೇಸುವಿನ ಮೈ ಚಿತ್ರದ ಅಂಚಿನತ್ತ ಹೊರಟಾಗಿದೆ, ಮುಖವೂ ಕೈಯೂ ಮಾತ್ರ ಹಿಂದಕ್ಕೆ ಆಕೆಯತ್ತ ತಿರುಗಿವೆ. ನಡುವಿನ ಜಾಗವನ್ನು ಜೊತ್ತೊ ಬರಿದಾಗಿಯೇ ಬಿಟ್ಟಿದ್ದಾನೆ. ಹೊರಡುವವರು, ಹಿಡಿಯುವವರು, ನಡುವೆ ಬರಿ ಗಾಳಿ. ಯೇಸುವಿನ ಕೈಲಿರುವ ಬಾವುಟದ ಮೇಲೆ ‘ಮೃತ್ಯುವನ್ನು ಗೆದ್ದವನು’ ಎಂದು ಲ್ಯಾಟಿನ್‌ನಲ್ಲಿ ಬರೆದಿದೆ. ಕೆಳಗೆ ಕಾವಲಿನ ಸೈನಿಕರು ಗಾಢ ನಿದ್ದೆಯಲ್ಲಿದ್ದಾರೆ.

ಆದರೆ ಒಂದೇ ಚಿತ್ರವನ್ನು ನಿಧಾನವಾಗಿ ನೋಡುವುದಾದರೆ ನಾನು ಹೇಳುವುದು ಟಿಶಿಯನ್‌ನದು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಸುಮಾರು 1514ರದು. ದೊಡ್ಡದೇನಲ್ಲ, ಎತ್ತರ 110 ಸೆಂಟಿಮೀಟರ್ ಚಿಲ್ಲರೆ. ಮರಿಯ ನೆಲಕ್ಕೆ ಹತ್ತಿರವಾಗಿ ಬಾಗಿದ್ದಾಳೆ, ಎಡಗೈ ಭರಣಿಯ ಮೇಲೆ ಊರಿದೆ, ಬಲಗೈ ಮುಂದೆ ಹೋಗಿದೆ. ಯೇಸುವಿನ ಸೊಂಟ ಆಕೆಯಿಂದ ಆಚೆಗೆ ಸರಿದಿದೆ, ಒಂದು ಕೈ ಶವವಸ್ತ್ರದ ಅಂಚನ್ನು ಎಳೆದು ಹಿಡಿದಿದೆ. ಇಷ್ಟು ನೋಡಿದರೆ ನಿರಾಕರಣೆಯೇ. ಈಗ ಮೇಲೆ ನೋಡಿ. ಅದೇ ಮೈಯ ಮೇಲ್ಭಾಗ, ಎದೆ, ಹೆಗಲು, ತಲೆ, ಎಲ್ಲವೂ ಆಕೆಯ ಮೇಲಕ್ಕೆ ಬಾಗಿದೆ, ಮರದ ನೆರಳು ಬಾಗಿದ ಹಾಗೆ. ಒಂದೇ ಶರೀರ ಸರಿಯುತ್ತಲೂ ಇದೆ, ಆವರಿಸಿಕೊಳ್ಳುತ್ತಲೂ ಇದೆ. ಇಪ್ಪತ್ತರ ಹರೆಯದ ಕಲಾವಿದನೊಬ್ಬ ಆ ವಚನದ ಎರಡೂ ತುಂಡುಗಳನ್ನು ಒಂದೇ ದೇಹದಲ್ಲಿ ಹಿಡಿದಿಟ್ಟಿದ್ದಾನೆ.

ಈ ನಿಲುವು ಅವನಿಗೆ ಮೊದಲ ಸಲವೇ ದಕ್ಕಿದ್ದಲ್ಲ. ಎಕ್ಸ್‌ರೇ ತೆಗೆದು ನೋಡಿದಾಗ, ಮೊದಲು ಬರೆದಿದ್ದ ಯೇಸು ಮಾಲಿಯ ಟೋಪಿ ಹಾಕಿ ಮರಿಯಳಿಂದ ಆಚೆಗೆ ತಿರುಗಿದ್ದದ್ದು ಕಂಡಿತು. ಟಿಶಿಯನ್ ಟೋಪಿ ತೆಗೆದ, ಮೈಯನ್ನು ಆಕೆಯತ್ತ ತಿರುಗಿಸಿದ. ಗುದ್ದಲಿಯನ್ನು ಮಾತ್ರ ಕೈಯಲ್ಲಿ ಉಳಿಸಿದ. ಹಿನ್ನೆಲೆಯ ಬೆಟ್ಟದ ಮೇಲಿನ ಮನೆಗಳ ಗುಂಪು ಡ್ರೆಸ್ಡೆನ್‌ನಲ್ಲಿರುವ ‘ಮಲಗಿರುವ ವೀನಸ್’ ಚಿತ್ರದಲ್ಲೂ ಬರುತ್ತದೆ. ಜೊರ್ಜೊನೆ ಶುರುಮಾಡಿದ ಆ ಚಿತ್ರವನ್ನು ಅವನು ತೀರಿಕೊಂಡ ಮೇಲೆ ಮುಗಿಸಿದವನು ಟಿಶಿಯನ್ನೇ.

ಎರಡನೆಯ ಮಹಾಯುದ್ಧದಲ್ಲಿ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನೆಲ್ಲ ಬಾಂಬಿನಿಂದ ಕಾಪಾಡಲು ವೇಲ್ಸ್‌ನ ಕಲ್ಲುಗಣಿಯೊಂದಕ್ಕೆ ಸಾಗಿಸಿದ್ದರು. ಖಾಲಿ ಗೋಡೆಗಳಿಂದ ಬೇಸತ್ತ ಲಂಡನ್ನಿನ ಜನ ಒಂದಾದರೂ ಚಿತ್ರ ತೋರಿಸಿ ಎಂದು ಕೇಳಿದರು. 1942ರಲ್ಲಿ ತಿಂಗಳಿಗೊಂದು ಚಿತ್ರವನ್ನು ಗಣಿಯಿಂದ ತಂದು ತೋರಿಸುವ ಏರ್ಪಾಡು ಶುರುವಾಯಿತು. ಆ ಸಾಲಿನ ಮೊದಲ ಚಿತ್ರ ಇದು. ಮನೆಮಂದಿಯನ್ನು ಕಳಕೊಂಡ ಊರಿನಲ್ಲಿ, ಸತ್ತವರನ್ನು ಮತ್ತೆ ಕಂಡು ಮುಟ್ಟಲು ಕೈ ಚಾಚಿದ ಹೆಂಗಸಿನ ಚಿತ್ರದ ಮುಂದೆ ಜನ ನಿಂತರು.

ಕೆಲವು ಚಿತ್ರಗಳಲ್ಲಿ ಯೇಸುವಿನ ಬೆರಳು ಮರಿಯಳ ಹಣೆಗೆ ತಾಗಿಯೇ ಇರುವುದನ್ನು ಕಂಡರೆ ಆಶ್ಚರ್ಯಪಡಬೇಡಿ. ಅದರ ಹಿಂದೆ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಸೇಂಟ್ ಮಾಕ್ಸಿಮಿನ್ ಊರಿನ ನಂಬಿಕೆಯಿದೆ. ಮರಿಯಳದೆಂದು ಅಲ್ಲಿ ಪೂಜೆಗೊಳ್ಳುವ ತಲೆಬುರುಡೆಯ ಹಣೆಯ ಮೇಲೆ ಒಂದು ಚೂರು ಚರ್ಮ ಕೊಳೆಯದೆ ಉಳಿದಿತ್ತಂತೆ, ಅದು ಯೇಸು ಮುಟ್ಟಿದ ಜಾಗವಂತೆ. ಆ ಚೂರಿಗೂ ‘ನೋಲಿ ಮೇ ತಾಂಗೆರೆ’ ಎಂದೇ ಹೆಸರು.

ಗುದ್ದಲಿಯನ್ನು ಬರಿ ವೇಷವೆಂದು ಬಿಡಬೇಡಿ

ಮಾಲಿ ಎಂದು ಆಕೆ ತಪ್ಪು ತಿಳಿದಳು, ನಿಜ. ಆದರೆ ಅದೇ ಮಹಾ ಗ್ರೆಗೊರಿ ಇನ್ನೊಂದು ಪ್ರವಚನದಲ್ಲಿ, ಆಕೆ ತಪ್ಪಿದರೂ ತಪ್ಪಲಿಲ್ಲ, ಆಕೆಯ ಹೃದಯದಲ್ಲಿ ಸದ್ಗುಣದ ಬೀಜ ನೆಟ್ಟು ಬೆಳೆಸುತ್ತಿದ್ದವರು ಅವರೇ ಅಲ್ಲವೇ ಎಂದು ಕೇಳಿದರು. ಇನ್ನೂ ಹಿಂದಕ್ಕೆ ಹೋದರೆ ಏದೆನ್ ತೋಟವಿದೆ. ಆದಾಮ ಮತ್ತು ಹವ್ವ ಕಳೆದುಕೊಂಡ ತೋಟಕ್ಕೆ ಹೊಸ ತೋಟಗಾರ ಬಂದಿದ್ದಾರೆ ಎಂಬ ಭಾವ ಈ ಚಿತ್ರಗಳಲ್ಲೆಲ್ಲ ಹರಿಯುತ್ತದೆ.

ಇದನ್ನು ಕಣ್ಣಾರೆ ಕಾಣಲು ಫ್ಲಾರೆನ್ಸ್‌ನ ಸಾನ್ ಮಾರ್ಕೊ ಮಠಕ್ಕಿಂತ ಒಳ್ಳೆಯ ಜಾಗ ಇಲ್ಲ. ಡೊಮಿನಿಕನ್ ಸನ್ಯಾಸಿಯೇ ಆಗಿದ್ದ ಫ್ರಾ ಆಂಜೆಲಿಕೊ 1440ರ ಸುಮಾರಿಗೆ ಅಲ್ಲಿನ ಸನ್ಯಾಸಿಗಳ ಕೋಣೆಗಳ ಗೋಡೆಗೆ ಒಂದೊಂದು ಚಿತ್ರ ಬರೆದ. ಒಂದನೆಯ ಕೋಣೆಯಲ್ಲಿರುವುದು ಇದು. ಯೇಸುವಿನ ಹೆಗಲ ಮೇಲೆ ಗುದ್ದಲಿ, ಹಿಂದೆ ಮರದ ಬೇಲಿ, ಒಂದು ಬದಿ ಸಮಾಧಿಯ ಕಪ್ಪು ಬಾಯಿ. ಕಾಲಡಿಯ ಹುಲ್ಲಿನತ್ತ ಬಗ್ಗಿ ನೋಡಿ. ಅಲ್ಲಿ ಚುಕ್ಕಿ ಚುಕ್ಕಿಯಾಗಿ ಕೆಂಪು ಹೂವು. ಅವಕ್ಕೆ ಎಸಳಿಲ್ಲ, ಕುಂಚದ ಒಂದೊಂದು ಕೆಂಪು ಒತ್ತು ಅಷ್ಟೆ. ಈಗ ಯೇಸುವಿನ ಕೈಕಾಲಿನ ಗಾಯ ನೋಡಿ: ಅದೇ ಕೆಂಪು, ಅದೇ ಒತ್ತು. ಫ್ರೆಂಚ್ ಕಲಾ ಇತಿಹಾಸಕಾರ ಜಾರ್ಜ್ ದಿದಿ-ಹ್ಯೂಬರ್‌ಮನ್ ಇದನ್ನು ಗಮನಿಸಿ ಬರೆದ ಮೇಲೆ ಬಹಳ ಜನ ಆ ಹುಲ್ಲನ್ನು ನೋಡುವ ರೀತಿಯೇ ಬದಲಾಯಿತು. ಮಾಲಿ ನಡೆದಲ್ಲೆಲ್ಲ ಗಾಯ ಹೂವಾಗಿದೆ.

ಎಲ್ಲಿ, ಹೇಗೆ ನೋಡುವುದು

ಪಾದುವಾಕ್ಕೆ ಹೋಗುವುದಾದರೆ ಟಿಕೆಟ್ಟನ್ನು ಮುಂಚೆಯೇ ಕಾದಿರಿಸಿ. ಭಿತ್ತಿಚಿತ್ರಗಳ ರಕ್ಷಣೆಗಾಗಿ ಜನರನ್ನು ಸಣ್ಣ ಗುಂಪುಗಳಲ್ಲಿ, ಮೊದಲು ತೇವ ತಗ್ಗಿಸುವ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರಿಸಿ ಆಮೇಲೆ ಒಳಗೆ ಬಿಡುತ್ತಾರೆ. ಒಳಗೆ ಸಿಗುವ ಸಮಯ ಬಹಳ ಕಡಿಮೆ. ಆದ್ದರಿಂದ ಯಾವ ಗೋಡೆಯಲ್ಲಿ ಯಾವ ಚಿತ್ರ ಎಂದು ಮನೆಯಲ್ಲೇ ನೋಡಿಕೊಂಡು ಹೋಗಿ. ಸಾನ್ ಮಾರ್ಕೊದಲ್ಲಿ ಅವಸರವಿಲ್ಲ. ಕೋಣೆಯ ಬಾಗಿಲಲ್ಲಿ ನಿಂತು ಕಣ್ಣು ಮಂದ ಬೆಳಕಿಗೆ ಹೊಂದುವವರೆಗೆ ಕಾಯಿರಿ.

ಹೋಗಲಾಗದವರಿಗೆ ನ್ಯಾಷನಲ್ ಗ್ಯಾಲರಿ, ಪ್ರಾದೊ, ಬ್ರಿಟನ್ನಿನ ರಾಜ ಸಂಗ್ರಹ ಮೂರೂ ತಮ್ಮ ಜಾಲತಾಣದಲ್ಲಿ ದೊಡ್ಡದು ಮಾಡಿ ನೋಡಬಹುದಾದ ಚಿತ್ರಗಳನ್ನು ಇಟ್ಟಿವೆ. ಮೊಬೈಲಿಗಿಂತ ದೊಡ್ಡ ಪರದೆ ಒಳ್ಳೆಯದು. ಹುಡುಕುವಾಗ ಚಿತ್ರಕಾರನ ಹೆಸರನ್ನೂ ಸೇರಿಸಿ. ಬರಿ ಲ್ಯಾಟಿನ್ ಮಾತು ಹಾಕಿದರೆ ಫಿಲಿಪೀನ್ಸ್‌ನ ಹೋಸೆ ರಿಜಾಲ್ 1887ರಲ್ಲಿ ಪ್ರಕಟಿಸಿದ ಕಾದಂಬರಿಯೇ ಮೊದಲು ಬರುತ್ತದೆ. ನಮ್ಮ ಕರ್ಣಕುಂಡಲ ಹೂವಿನ ಕುಲಕ್ಕೇ ಸೇರಿದ, ಮುಟ್ಟಿದರೆ ಕಾಯಿ ಸಿಡಿಯುವ ಯುರೋಪಿನ ಗಿಡವೊಂದೂ ಬರುತ್ತದೆ, ಅದರ ಸಸ್ಯಶಾಸ್ತ್ರೀಯ ಹೆಸರಿನಲ್ಲೂ ಈ ಮಾತಿದೆ.

ಕಣ್ಣಿಗೆ ಮೊದಲ ಅಭ್ಯಾಸ ನಮ್ಮಲ್ಲೇ ಬೇಕೆಂದರೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ. ಇಟಲಿಯ ಬೆರ್ಗಾಮೊ ಕಡೆಯಿಂದ ಬಂದ ಜೆಸ್ವಿತ್ ಸಹೋದರ ಅಂತೋನಿಯೊ ಮೊಸ್ಕೇನಿ 1901ರ ಹೊತ್ತಿಗೆ ಅದರ ಗೋಡೆ ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿಸಿದರು. ಯಾವ ಸಂತರ ಕೈಲಿ ಯಾವ ವಸ್ತು ಇದೆ, ಯಾರ ಕೈ ಯಾರತ್ತ ಚಾಚಿದೆ ಎಂದು ಅಲ್ಲಿ ಒಂದು ಗಂಟೆ ನೋಡಿ ಬನ್ನಿ. ಆಮೇಲೆ ಟಿಶಿಯನ್‌ನ ಚಿತ್ರವನ್ನು ಪರದೆಯ ಮೇಲೆ ತೆರೆದು, ಮೊದಲು ಎರಡು ಕೈ, ಆಮೇಲೆ ಸೊಂಟ, ಆಮೇಲೆ ಹೆಗಲು, ಈ ಕ್ರಮದಲ್ಲಿ ನೋಡುತ್ತಾ ಹೋಗಿ.